ಕ್ಷ-ಕಿರಣಗಳ ಆಕಾಶ: ದೀಪಗಳೋ, ಮಂಜೋ?

ಮೂಡಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ಹೆದ್ದಾರಿಯಲ್ಲಿ ಬೆಳುವಾಯಿ ಎಂಬ ಊರುಂಟು. ತುಳುವರ ಬೇಶ ತಿಂಗಳಿನ ಹತ್ತನೆಯ ದಿನ, ಎಂದರೆ ಮೇ ತಿಂಗಳ ೨೪ರ ಸುಮಾರಿಗೆ ಬರುವ ಪತ್ತನಾಜೆಯಂದು, ಆ ಸೀಮೆಯ ಯಕ್ಷಗಾನ ಮೇಳಗಳು ವರ್ಷದ ತಿರುಗಾಟವನ್ನು ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಮುಂಗಾರಿನ ಮೋಡವು ಇನ್ನೂ ಕವಿಯದಿದ್ದರೆ, ಆ ರಾತ್ರಿ ಬೆಳುವಾಯಿಯ ಯಾವುದಾದರೊಂದು ಬಯಲಿನಲ್ಲಿ ನಡುರಾತ್ರಿ ಕಳೆದ ಹೊತ್ತಿಗೆ ತೆಂಕಣ ದಿಕ್ಕಿಗೆ ಮುಖಮಾಡಿ ನಿಂತವರಿಗೆ ವೃಶ್ಚಿಕ ರಾಶಿಯು ತನ್ನ ಪೂರ್ಣ ಎತ್ತರಕ್ಕೆ ಏರಿರುವುದು ಕಾಣುತ್ತದೆ. ಅದರ ನಡುವೆ ಕೆಂಪಗೆ ಮಿನುಗುವುದೇ ಜ್ಯೇಷ್ಠಾ ನಕ್ಷತ್ರ. ಅಲ್ಲಿಂದ ಬಡಗಣಕ್ಕೆ, ಚಾಚಿದ ತೋಳಿನ ಮುಷ್ಟಿಯಷ್ಟು ಅಂತರದಲ್ಲಿ, ಬರಿಗಣ್ಣಿಗೆ ವಿಶೇಷವಾದುದು ಏನೂ ಕಾಣದು. ಒಳ್ಳೆಯ ದೂರದರ್ಶಕದಿಂದ ನೋಡಿದರೂ ಸುತ್ತಲಿನ ಅಸಂಖ್ಯ ಚುಕ್ಕೆಗಳ ನಡುವೆ ಮಂಕಾದ ಮತ್ತೊಂದು ಚುಕ್ಕೆ ಕಂಡೀತು, ಅಷ್ಟೆ. ಆದರೆ ನಮ್ಮ ಕಣ್ಣುಗಳು ಬೆಳಕಿಗೆ ಬದಲಾಗಿ ಕ್ಷ-ಕಿರಣಗಳನ್ನು ಕಾಣುವಂಥವಾಗಿದ್ದು, ನಾವು ವಾಯುಮಂಡಲದ ಹೊರಗೆ ನಿಂತಿದ್ದ ಪಕ್ಷದಲ್ಲಿ, ಇರುಳಿನ ಆಕಾಶದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬೆಳಗುತ್ತಿದ್ದುದು ಅದೇ ಚುಕ್ಕೆ. ಜ್ಯೇಷ್ಠೆ ಇದ್ದ ಸ್ಥಳವೇ ನಮಗೆ ತಿಳಿಯುತ್ತಿರಲಿಲ್ಲ.

ವಾಯುಮಂಡಲದ ಹೊರಗೆ ಎಂಬ ಮಾತನ್ನು ವಾಚಕರು ಗಮನಿಸಬೇಕು. ನಮ್ಮ ತಲೆಯ ಮೇಲಿರುವ ಗಾಳಿಯ ತೂಕವು ಹತ್ತು ಮೀಟರು ಎತ್ತರದ ನೀರಿನ ಕಂಬದ ತೂಕಕ್ಕೆ ಸಮ. ಎಂದಮೇಲೆ ನಾವೆಲ್ಲರೂ ತುಂಬಿದ ಬಾವಿಯ ತಳದಲ್ಲಿ ವಾಸಮಾಡುವವರೇ ಸರಿ. ಆಸ್ಪತ್ರೆಯ ಕ್ಷ-ಕಿರಣಗಳು ಕೈಯನ್ನೂ ಎದೆಯನ್ನೂ ತೂರಿಹೋಗುವುದನ್ನು ಬಲ್ಲ ವಿದ್ಯಾರ್ಥಿಗೆ, ಅವು ಗಾಳಿಯನ್ನು ತೂರಲಾರವೇ ಎಂಬ ಸಂದೇಹ ಬರುವುದು ಸಹಜ. ಒಂದು ಗೇಣು ದಪ್ಪದ ದೇಹವನ್ನು ದಾಟುವುದು ಬೇರೆ, ಹತ್ತು ಮೀಟರು ನೀರನ್ನು ದಾಟುವುದು ಬೇರೆ. ಅದಲ್ಲದೆ ನಕ್ಷತ್ರಲೋಕದಿಂದ ಬರುವ ಕ್ಷ-ಕಿರಣಗಳಲ್ಲಿ ಹೆಚ್ಚಿನವು ಆಸ್ಪತ್ರೆಯವುಗಳಿಗಿಂತ ಬಹಳ ಮೃದು. ಕೆಲವೇ ಮಿಲಿಮೀಟರು ನೀರು ಅವುಗಳನ್ನು ನುಂಗಿಬಿಡಬಲ್ಲದು. ಹೀಗಾಗಿ ರಾಂಟ್ಜನ್ನನು ಕ್ಷ-ಕಿರಣಗಳನ್ನು ೧೮೯೫ರಲ್ಲೇ ಕಂಡುಹಿಡಿದಿದ್ದರೂ, ಆಕಾಶದ ಕ್ಷ-ಕಿರಣಗಳನ್ನು ನೋಡಲು ಮನುಷ್ಯನು ರಾಕೆಟ್ಟು ಹಾರಿಸುವ ತನಕ ಕಾಯಬೇಕಾಯಿತು.

ಇಂದು ನಮ್ಮ ಆಕಾಶಗಂಗೆಯನ್ನೂ, ಅದರಾಚೆಗಿನ ಗೆಲಾಕ್ಸಿಗಳೆಂಬ ನಕ್ಷತ್ರದ್ವೀಪಗಳನ್ನೂ ಕ್ಷ-ಕಿರಣಗಳಲ್ಲಿ ಚಿತ್ರಿಸಿದ್ದಾರೆ. ಆ ಚಿತ್ರಗಳಲ್ಲಿ ಎರಡು ಬಗೆಯ ವಸ್ತುಗಳು ತೋರುತ್ತವೆ. ಒಂದು, ಚುಚ್ಚಿದಂತಹ ಚುಕ್ಕೆಗಳು; ಇನ್ನೊಂದು, ಹರಡಿಕೊಂಡ ಮಸುಕಾದ ಬೆಳಗು. ಚುಕ್ಕೆಗಳೆಂದರೆ ದೀಪಗಳು. ಆ ಮಸುಕು ಏನು? ನಿಜವಾಗಿಯೂ ಮಂಜಿನಂತೆ ಹಬ್ಬಿದ ಅನಿಲವೇ, ಅಥವಾ ದೂರದಿಂದ ಬಿಡಿಸಿ ಕಾಣಲಾಗದಷ್ಟು ದಟ್ಟವಾಗಿ ಸೇರಿದ ಚಿಕ್ಕ ಚಿಕ್ಕ ದೀಪಗಳೇ? ಕ್ಷ-ಕಿರಣ ಖಗೋಲಶಾಸ್ತ್ರದ ಅರುವತ್ತು ವರ್ಷಗಳ ಇತಿಹಾಸದ ಬಹುಭಾಗವು ಈ ಒಂದು ಪ್ರಶ್ನೆಯ ಸುತ್ತ ತಿರುಗಿದೆ.

ಮೊದಲು ಕ್ಷ-ಕಿರಣ ಹುಟ್ಟುವ ಬಗೆಯನ್ನು ನೋಡೋಣ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣವು ಕಾದಂತೆಲ್ಲ ಕೆಂಪಾಗಿ, ಹಳದಿಯಾಗಿ, ಬೆಳ್ಳಗಾಗುತ್ತದೆ. ಕಾವು ಹೆಚ್ಚಿದಂತೆ ಹೊರಬೀಳುವ ಕಿರಣದ ತರಂಗವು ಕಿರಿದಾಗುತ್ತದೆ ಎಂಬುದೇ ಇದರ ಅರ್ಥ. ಸೂರ್ಯನ ಮೇಲ್ಮೈಯ ಉಷ್ಣತೆ ಸುಮಾರು ೫,೫೦೦ ಡಿಗ್ರಿ. ಅದು ಕೊಡುವುದು ಕಣ್ಣಿಗೆ ಕಾಣುವ ಬೆಳಕನ್ನು. ಕ್ಷ-ಕಿರಣ ಹುಟ್ಟಬೇಕಾದರೆ ಉಷ್ಣತೆಯು ಹತ್ತು ಲಕ್ಷದಿಂದ ಕೋಟಿ ಡಿಗ್ರಿಗಳ ಮಟ್ಟಕ್ಕೆ ಏರಬೇಕು. ಸೂರ್ಯನನ್ನು ಸುತ್ತುವರಿದ ಕಿರೀಟದ ತೆಳು ಅನಿಲಕ್ಕೆ ಅಂತಹ ಕಾವುಂಟು. ಆದುದರಿಂದ ಸೂರ್ಯನೂ ಕ್ಷ-ಕಿರಣಗಳನ್ನು ಸೂಸುತ್ತಾನೆ. ೧೯೪೯ರಲ್ಲಿ ಅಮೆರಿಕದ ಹರ್ಬರ್ಟ್ ಫ್ರೀಡ್‌ಮನ್ನನ ತಂಡವು ವಿ-೨ ರಾಕೆಟ್ಟಿನಿಂದ ಇದನ್ನು ಅಳೆಯಿತು. ಆದರೆ ಅದು ಸೂರ್ಯನ ಒಟ್ಟು ಬೆಳಕಿನ ಹತ್ತು ಲಕ್ಷದಲ್ಲೊಂದು ಪಾಲು ಮಾತ್ರ. ಅವನನ್ನು ಅತಿ ಸಮೀಪದ ನಕ್ಷತ್ರದ ದೂರಕ್ಕೆ, ನಾಲ್ಕು ಜ್ಯೋತಿರ್ವರ್ಷಗಳಾಚೆಗೆ, ಸರಿಸಿದ್ದರೆ ಆ ಕಾಲದ ಯಾವ ಉಪಕರಣಕ್ಕೂ ಅವನ ಕ್ಷ-ಕಿರಣ ಸಿಕ್ಕುತ್ತಿರಲಿಲ್ಲ. ನಕ್ಷತ್ರಗಳೆಲ್ಲ ಸೂರ್ಯನಂತಹವೇ ಆದಲ್ಲಿ ಅವುಗಳ ಕ್ಷ-ಕಿರಣವನ್ನು ಹುಡುಕಹೊರಡುವುದು ವ್ಯರ್ಥವೆಂದೇ ಬಹುಮಂದಿ ಭಾವಿಸಿದ್ದರು.

೧೯೬೨ರ ಜೂನ್ ೧೮ರಂದು, ನಡುರಾತ್ರಿಗೆ ಒಂದು ನಿಮಿಷ ಉಳಿದಿರುವಾಗ, ಅಮೆರಿಕದ ನ್ಯೂ ಮೆಕ್ಸಿಕೋ ಮರುಭೂಮಿಯಿಂದ ಒಂದು ಏರೋಬೀ ರಾಕೆಟ್ಟು ಮೇಲೆ ಹಾರಿತು. ರಿಕಾರ್ಡೊ ಜಕೋನಿ, ಹರ್ಬರ್ಟ್ ಗರ್ಸ್ಕಿ, ಫ್ರಾಂಕ್ ಪಾವೊಲಿನಿ, ಬ್ರೂನೋ ರೊಸ್ಸಿ ಎಂಬ ನಾಲ್ವರು ಸಿದ್ಧಪಡಿಸಿದ ಉಪಕರಣ ಅದರೊಳಗಿತ್ತು. ಸೂರ್ಯನ ಕಿರಣಗಳು ತಾಕಿದಾಗ ಚಂದ್ರನ ನೆಲವು ಕ್ಷ-ಕಿರಣಗಳನ್ನು ಹೊಮ್ಮಿಸುವುದೇ ಎಂದು ನೋಡುವುದು ಅವರು ಹೇಳಿಕೊಂಡ ಉದ್ದೇಶ. ರಾಕೆಟ್ಟು ೮೦ ಕಿಲೋಮೀಟರಿಗಿಂತ ಮೇಲೆ ಇದ್ದುದು ಕೇವಲ ೩೫೦ ಸೆಕೆಂಡು. ಅಷ್ಟರಲ್ಲಿ ಚಂದ್ರನಿಂದ ಏನೂ ಬರಲಿಲ್ಲ. ಬಂದದ್ದು ವೃಶ್ಚಿಕದ ದಿಕ್ಕಿನಿಂದ, ಯಾರೂ ನಿರೀಕ್ಷಿಸದಷ್ಟು ಪ್ರಬಲವಾಗಿ. ಆ ಆಕರವನ್ನು ಸ್ಕಾರ್ಪಿಯಸ್ ಎಕ್ಸ್-೧ ಎಂದು ಹೆಸರಿಸಿದರು. ಅದೇ ಹಾರಾಟದಲ್ಲಿ ಇನ್ನೊಂದು ಸಂಗತಿಯೂ ಪತ್ತೆಯಾಯಿತು: ಯಾವ ಕಡೆಗೆ ತಿರುಗಿದರೂ ಆಕಾಶವೆಲ್ಲ ಒಂದೇ ಸಮನಾಗಿ, ಮಂದವಾಗಿ ಕ್ಷ-ಕಿರಣಗಳನ್ನು ಸೂಸುತ್ತಿತ್ತು. ದೀಪವೂ ಮಂಜೂ ಮನುಷ್ಯನಿಗೆ ಮೊದಲ ಬಾರಿ ಕಂಡದ್ದು ಹೀಗೆ ಒಂದೇ ಆರು ನಿಮಿಷಗಳ ಒಳಗೆ. ಜಕೋನಿಗೆ ೨೦೦೨ರಲ್ಲಿ ನೊಬೆಲ್ ಬಹುಮಾನ ದೊರೆತುದಕ್ಕೆ ಈ ಹಾರಾಟವೇ ಬುನಾದಿ.

ಆದರೆ ಸ್ಕಾರ್ಪಿಯಸ್ ಎಕ್ಸ್-೧ ನಿಜವಾಗಿಯೂ ದೀಪವೇ? ಆಗಿನ ಉಪಕರಣಗಳ ನೋಟ ಬಹಳ ಮೊಂಡು. ಆ ಆಕರವು ನಕ್ಷತ್ರದಂತಹ ಬಿಂದುವೋ, ಹರಡಿದ ಅನಿಲದ ಮೋಡವೋ ಎಂದು ಹೇಳಲು ಬರುತ್ತಿರಲಿಲ್ಲ. ಇದನ್ನು ಬಗೆಹರಿಸಿದ ಉಪಾಯ ಬಹು ಸರಳವಾದುದು. ಅಡಕೆ ದಬ್ಬೆಯ ಎರಡು ತಡಿಕೆಗಳನ್ನು ಒಂದರ ಹಿಂದೊಂದು, ನಡುವೆ ಸ್ವಲ್ಪ ಜಾಗ ಬಿಟ್ಟು, ನಿಲ್ಲಿಸಿದ್ದಾರೆಂದು ಭಾವಿಸಿ. ಅವುಗಳಾಚೆಗೆ ಒಂದು ಲಾಟೀನು ಉರಿಯುತ್ತಿದೆ. ನಾವು ಈಚೆ ಬದಿಯಲ್ಲಿ ತಡಿಕೆಯ ಉದ್ದಕ್ಕೂ ನಡೆಯುತ್ತಾ ಹೋದರೆ ಲಾಟೀನು ಒಮ್ಮೆ ಕಂಡು ಒಮ್ಮೆ ಮರೆಯಾಗುತ್ತದೆ. ಲಾಟೀನಿಗೆ ಬದಲಾಗಿ ಆಚೆಯಿರುವುದು ಬೆಳದಿಂಗಳು ಬಿದ್ದ ಮಂಜಾಗಿದ್ದರೆ, ಎಷ್ಟು ನಡೆದರೂ ಒಂದೇ ಸಮನಾದ ಮಸುಕು ಬೆಳಕು. ದಬ್ಬೆಗಳಿಗೆ ಬದಲಾಗಿ ತೆಳುವಾದ ತಂತಿಗಳ ಸಾಲುಗಳನ್ನು ಬಳಸಿ ಜಪಾನಿನ ಮಿನೊರು ಓಡಾ ಇಂತಹ ಉಪಕರಣವನ್ನು ಕಲ್ಪಿಸಿದನು. ೧೯೬೬ರ ಮಾರ್ಚಿಯಲ್ಲಿ ಅದನ್ನು ರಾಕೆಟ್ಟಿನಲ್ಲಿ ಕಳುಹಿಸಿದಾಗ, ರಾಕೆಟ್ಟು ಹೊರಳಿದಂತೆ ಸ್ಕಾರ್ಪಿಯಸ್ ಎಕ್ಸ್-೧ ಲಾಟೀನಿನಂತೆಯೇ ಕಂಡು ಮರೆಯಾಯಿತು. ಅದರ ಅಗಲವು ೨೦ ವಿಕಲೆಗಳಿಗಿಂತಲೂ ಕಡಿಮೆ ಎಂಬುದು ನಿಶ್ಚಯವಾಯಿತು. ಸ್ಥಾನವೂ ಸೂಕ್ಷ್ಮವಾಗಿ ತಿಳಿಯಿತು. ಟೋಕಿಯೋ ಮತ್ತು ಪಾಲೊಮಾರ್ ವೀಕ್ಷಣಾಲಯಗಳು ಅಲ್ಲಿ ಹುಡುಕಿ, ನಾವು ಮೊದಲಲ್ಲಿ ಹೇಳಿದ ಆ ಮಂಕು ಚುಕ್ಕೆಯನ್ನು ಗುರುತಿಸಿದವು.

ಈ ಸ್ಥಾನನಿರ್ಣಯದ ಲೇಖನಕ್ಕೆ ಸಹಿ ಹಾಕಿದವರಲ್ಲಿ ಕನ್ನಡನಾಡಿನವರೊಬ್ಬರಿದ್ದರು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಅವರು ನಂಜನಗೂಡು ಸೀಮೆಯ ಬಿ. ವಿ. ಶ್ರೀಕಂಠನ್. ಕೋಲಾರದ ಚಿನ್ನದ ಗಣಿಗಳ ಆಳಕ್ಕಿಳಿದು ವಿಶ್ವಕಿರಣಗಳನ್ನು ಅಳೆದು ಹೆಸರು ಗಳಿಸಿದ್ದ ಅವರು ಆಗ ಅಮೆರಿಕದ ಮಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಇದ್ದರು. ಭೂಮಿಯೊಳಕ್ಕೆ ಇಳಿದು ಕೆಲಸಮಾಡಿದವರೇ ಭೂಮಿಯ ಗಾಳಿಯಿಂದ ಹೊರಕ್ಕೆ ಇಣುಕುವ ಕೆಲಸಕ್ಕೂ ಕೈಹಾಕಿದ್ದು ಒಂದು ಸೊಗಸು. ಸ್ವದೇಶಕ್ಕೆ ಹಿಂದಿರುಗಿದ ಬಳಿಕ ೧೯೬೦ರ ದಶಕದ ಕೊನೆಯಲ್ಲಿ ಅವರೂ ಅವರ ಟಾಟಾ ಮೂಲಸಂಶೋಧನ ಸಂಸ್ಥೆಯ ಸಹೋದ್ಯೋಗಿಗಳೂ ಹೈದರಾಬಾದಿನಿಂದ ದೊಡ್ಡ ಬಲೂನುಗಳಲ್ಲಿ ಕ್ಷ-ಕಿರಣ ಉಪಕರಣಗಳನ್ನು ಹಾರಿಸತೊಡಗಿದರು.

ದೀಪವೆಂದು ತಿಳಿದಮೇಲೆ ಅದಕ್ಕೆ ಎಣ್ಣೆ ಎಲ್ಲಿಂದ ಎಂಬ ಪ್ರಶ್ನೆ ಏಳುತ್ತದೆ. ಸ್ಕಾರ್ಪಿಯಸ್ ಎಕ್ಸ್-೧ ಕ್ಷ-ಕಿರಣಗಳಲ್ಲಿ ಮಾತ್ರವೇ ಹೊರಸೂಸುವ ಶಕ್ತಿಯು ಸೂರ್ಯನ ಒಟ್ಟು ಬೆಳಕಿನ ಹತ್ತಾರು ಸಾವಿರ ಪಟ್ಟು. ಉತ್ತರವನ್ನು ನಾವು ಜೋಗದಲ್ಲಿ ಹುಡುಕಬಹುದು. ಒಂದು ಕಿಲೋಗ್ರಾಂ ನೀರು ಜೋಗದ ಸುಮಾರು ೨೫೦ ಮೀಟರು ಎತ್ತರದಿಂದ ಬಿದ್ದರೆ ಹುಟ್ಟುವ ಶಕ್ತಿ ೨,೫೦೦ ಜೌಲುಗಳ ಸುಮಾರು. ಅದನ್ನೇ ಹಿಡಿದು ವಿದ್ಯುತ್ತನ್ನು ಮಾಡುತ್ತೇವೆ. ಈಗ ಅದೇ ಒಂದು ಕಿಲೋಗ್ರಾಂ ವಸ್ತುವು ಭೂಮಿಗೆ ಬದಲಾಗಿ ನ್ಯೂಟ್ರಾನ್ ನಕ್ಷತ್ರದ ಮೇಲೆ ಬೀಳಲಿ. ಮಹಾ ನಕ್ಷತ್ರವೊಂದು ಸಿಡಿದು ಸತ್ತಮೇಲೆ ಉಳಿಯುವ ತಿರುಳೇ ನ್ಯೂಟ್ರಾನ್ ನಕ್ಷತ್ರ. ಸೂರ್ಯನಿಗಿಂತ ಹೆಚ್ಚಿನ ದ್ರವ್ಯವೆಲ್ಲ ಅಲ್ಲಿ ಸುಮಾರು ೨೦ ಕಿಲೋಮೀಟರು ವ್ಯಾಸದ ಗೋಲದಲ್ಲಿ ಅಡಕವಾಗಿರುತ್ತದೆ. ಮೂಡಬಿದಿರೆಗೂ ಕಾರ್ಕಳಕ್ಕೂ ನಡುವಣ ದಾರಿ ಹೆಚ್ಚುಕಡಮೆ ಅಷ್ಟೇ ಉದ್ದ. ಅದರ ಸೆಳೆತಕ್ಕೆ ಸಿಕ್ಕಿ ಬಿದ್ದ ಆ ಕಿಲೋಗ್ರಾಮಿನಿಂದ ಹೊಮ್ಮುವ ಶಕ್ತಿ ಜೋಗದ ಲೆಕ್ಕದ ಎಂಟು ಲಕ್ಷ ಕೋಟಿ ಪಟ್ಟಿನ ಸುಮಾರು. ಸೂರ್ಯನ ಗರ್ಭದಲ್ಲಿ ಜಲಜನಕವು ಬೆಸೆದು ಹೀಲಿಯಮ್ ಆಗುವಾಗ ಅಷ್ಟೇ ದ್ರವ್ಯದಿಂದ ಸಿಗುವುದಕ್ಕಿಂತಲೂ ಇದು ಇಪ್ಪತ್ತೈದು, ಮೂವತ್ತು ಪಟ್ಟು ಅಧಿಕ. ಉರಿಯುವುದಕ್ಕಿಂತ ಬೀಳುವುದರಲ್ಲಿ ಹೆಚ್ಚು ಶಕ್ತಿಯುಂಟೆಂದರೆ ಮೊದಲ ಸಲ ಕೇಳಿದವರು ನಂಬಲಾರರು. ಆದರೆ ಲೆಕ್ಕವು ಪದವಿಪೂರ್ವ ತರಗತಿಯ ಗುರುತ್ವಾಕರ್ಷಣದ ಸೂತ್ರಕ್ಕಿಂತ ಕಠಿನವಾದುದಲ್ಲ. ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು.

ಬೀಳುವ ವಸ್ತು ಎಲ್ಲಿಂದ ಬರುತ್ತದೆ? ಜೊತೆಗಾರ ನಕ್ಷತ್ರದಿಂದ. ಇದನ್ನು ಸ್ಪಷ್ಟಪಡಿಸಿದುದು ೧೯೭೦ರ ಡಿಸೆಂಬರ್ ೧೨ರಂದು ಕೀನ್ಯಾದ ಕರಾವಳಿಯಿಂದ ಹಾರಿದ ಉಹುರು ಉಪಗ್ರಹ. ಅಂದು ಕೀನ್ಯಾದ ಸ್ವಾತಂತ್ರ್ಯದ ದಿನವಾದುದರಿಂದ ಸ್ವಾಹಿಲಿ ಭಾಷೆಯಲ್ಲಿ ಸ್ವಾತಂತ್ರ್ಯವೆಂದು ಅರ್ಥವುಳ್ಳ ಆ ಹೆಸರನ್ನಿಟ್ಟರು. ಕಿನ್ನರ ರಾಶಿಯ ಸೆಂಟಾರಸ್ ಎಕ್ಸ್-೩ ಎಂಬ ಆಕರವು ೪.೮ ಸೆಕೆಂಡಿಗೊಮ್ಮೆ ನಾಡಿಯಂತೆ ಮಿಡಿಯುವುದನ್ನೂ, ಸುಮಾರು ಎರಡು ದಿನಕ್ಕೊಮ್ಮೆ ಯಾವುದರದೋ ಹಿಂದೆ ಮರೆಯಾಗುವುದನ್ನೂ ಉಹುರು ಕಂಡಿತು. ತನ್ನ ಸುತ್ತ ತಾನೇ ತಿರುಗುವ ನ್ಯೂಟ್ರಾನ್ ನಕ್ಷತ್ರವು ದೊಡ್ಡದೊಂದು ನಕ್ಷತ್ರವನ್ನು ಸುತ್ತುತ್ತಾ ಅದರಿಂದ ಅನಿಲವನ್ನು ಸೆಳೆದುಕೊಳ್ಳುತ್ತಿದೆ ಎಂಬುದಕ್ಕೆ ಇದಕ್ಕಿಂತ ಉತ್ತಮ ಸಾಕ್ಷಿ ಬೇಡ. ಇಂತಹ ಜೋಡಿಗಳಿಗೆ ಕ್ಷ-ಕಿರಣ ಯಮಳಗಳೆಂದು ಹೆಸರು. ಸೆಳೆಯಲ್ಪಟ್ಟ ಅನಿಲ ನೇರವಾಗಿ ಬೀಳದೆ, ಸುಳಿಯಲ್ಲಿ ಸಿಕ್ಕ ನೀರಿನಂತೆ ತಟ್ಟೆಯಾಕಾರವಾಗಿ ಸುತ್ತುತ್ತಾ, ಉಜ್ಜಿ ಕಾದು, ಒಳಗಿಳಿಯುತ್ತದೆ. ಕೆಲವು ಜೋಡಿಗಳಲ್ಲಿ ಸೆಳೆಯುವ ವಸ್ತು ನ್ಯೂಟ್ರಾನ್ ನಕ್ಷತ್ರವೂ ಅಲ್ಲ. ರಾಜಹಂಸ ರಾಶಿಯ ಸಿಗ್ನಸ್ ಎಕ್ಸ್-೧ರಲ್ಲಿ ೫.೬ ದಿನಕ್ಕೊಮ್ಮೆ ಸುತ್ತುವ ಅಗೋಚರ ವಸ್ತುವಿನ ದ್ರವ್ಯರಾಶಿಯು ಸೂರ್ಯನ ಇಪ್ಪತ್ತೊಂದು ಪಟ್ಟು ಎಂದು ೨೦೨೧ರ ಅಳತೆ ತಿಳಿಸುತ್ತದೆ. ಅಷ್ಟು ಭಾರವನ್ನು ತಾಳಿ ನಿಲ್ಲಬಲ್ಲ ವಸ್ತುವೇ ಇಲ್ಲ, ಅದು ಕೃಷ್ಣವಿವರ.

ಸಿಗ್ನಸ್ ಎಕ್ಸ್-೧ರ ಹೆಸರು ಬಂದಾಗ ಮತ್ತೆ ಕರಾವಳಿಗೆ ಬರಬೇಕು. ಬೆಳುವಾಯಿಯಿಂದ ಕಾರ್ಕಳದ ಮಾರ್ಗವಾಗಿ ಪಡುವಣ ಕಡಲಿನತ್ತ ಸಾಗಿದರೆ ಅದಮಾರು ಎಂಬ ಹಳ್ಳಿ ಸಿಗುತ್ತದೆ. ೧೯೩೨ರ ಮಾರ್ಚಿ ೧೦ರಂದು ಅಲ್ಲಿ ಹುಟ್ಟಿದ ಉಡುಪಿ ರಾಮಚಂದ್ರ ರಾಯರು, ವಿಶ್ವಕಿರಣಗಳ ಅಧ್ಯಯನದಿಂದ ಆರಂಭಿಸಿ, ತುಂಬಾದಿಂದ ಹಾರಿದ ರಾಕೆಟ್ಟುಗಳಲ್ಲಿ ಕ್ಷ-ಕಿರಣ ಉಪಕರಣಗಳನ್ನಿರಿಸಿ ವೃಶ್ಚಿಕ ಕಿನ್ನರಗಳ ಆಕರಗಳನ್ನು ಪರೀಕ್ಷಿಸಿದವರು. ಬೆಂಗಳೂರಿನ ಪೀಣ್ಯದ ಸಾಧಾರಣ ಷೆಡ್ಡುಗಳಲ್ಲಿ ಅವರ ಮುಂದಾಳುತನದಲ್ಲಿ ಕಟ್ಟಿದ ಭಾರತದ ಪ್ರಥಮ ಉಪಗ್ರಹ ಆರ್ಯಭಟವು ೧೯೭೫ರ ಏಪ್ರಿಲ್ ೧೯ರಂದು ಸೋವಿಯತ್ ರಾಕೆಟ್ಟಿನಲ್ಲಿ ಹಾರಿತು. ೩೬೦ ಕಿಲೋಗ್ರಾಂ ತೂಕದ ಆ ಉಪಗ್ರಹದಲ್ಲಿದ್ದ ಮೂರು ವೈಜ್ಞಾನಿಕ ಪ್ರಯೋಗಗಳಲ್ಲಿ ಕ್ಷ-ಕಿರಣ ಖಗೋಲಶಾಸ್ತ್ರವೂ ಒಂದು. ಐದನೆಯ ದಿನ ವಿದ್ಯುತ್ ಪೂರೈಕೆಯ ಒಂದು ಮಾರ್ಗವು ಕೆಟ್ಟು, ಪ್ರಯೋಗಗಳನ್ನು ನಿಲ್ಲಿಸಬೇಕಾಯಿತು. ವರ್ಷಗಟ್ಟಲೆ ದುಡಿದು ಕಟ್ಟಿದ ಕಣ್ಣು ನಾಲ್ಕೇ ದಿನ ತೆರೆದಿದ್ದು ಮುಚ್ಚಿಹೋಯಿತು. ಆದರೂ ಆ ನಾಲ್ಕು ದಿನಗಳಲ್ಲೇ ಅದು ಸಿಗ್ನಸ್ ಎಕ್ಸ್-೧ನ್ನು ನೋಡಿತ್ತು. ಫಲಿತಾಂಶ ೧೯೭೬ರಲ್ಲಿ ನೇಚರ್ ಪತ್ರಿಕೆಯಲ್ಲಿ ಅಚ್ಚಾಯಿತು. ಆರ್ಯಭಟವನ್ನು ಕುರಿತು ಬರೆಯುವವರು ಅದನ್ನು ನಮ್ಮ ಮೊದಲ ಉಪಗ್ರಹವೆಂದು ಕೊಂಡಾಡಿ ಮುಂದಕ್ಕೆ ಹೋಗಿಬಿಡುತ್ತಾರೆ. ಅದೊಂದು ವೀಕ್ಷಣಾಲಯವೂ ಆಗಿತ್ತೆಂಬುದನ್ನು ನೆನೆಯುವವರು ಕಡಿಮೆ.

ಬಿಡಿಬಿಡಿಯಾದ ಆಕರಗಳ ಮಾತು ಇಷ್ಟಾಯಿತು. ಇಡಿಯ ಗೆಲಾಕ್ಸಿಯ ಲೆಕ್ಕ ಹಾಕಿದರೆ ಸಿಗುವ ಉತ್ತರ ವಿಚಿತ್ರವಾಗಿದೆ. ನಮ್ಮ ಆಕಾಶಗಂಗೆಯಲ್ಲಿ ಹತ್ತು ಸಾವಿರ ಕೋಟಿಗೂ ಮಿಕ್ಕ ನಕ್ಷತ್ರಗಳಿವೆ. ಅದರ ಬೆಳಕು ಆ ಕೋಟಿ ಕೋಟಿ ನಕ್ಷತ್ರಗಳ ಕಾಣಿಕೆ. ಆದರೆ ಅದರ ಯಮಳಗಳಿಂದ ಬರುವ ಕ್ಷ-ಕಿರಣದಲ್ಲಿ ದೊಡ್ಡ ಪಾಲು ಅತ್ಯಂತ ಪ್ರಕಾಶಮಾನವಾದ ಐದು-ಹತ್ತು ಆಕರಗಳದೇ. ಒಂದು ಮಹಾನಗರದ ದೀಪಗಳೆಲ್ಲ ಆರಿ, ಹತ್ತು ಮನೆಗಳಲ್ಲಿ ಮಾತ್ರ ಸಾವಿರ ಸಾವಿರ ಪಂಜುಗಳನ್ನು ಹೊತ್ತಿಸಿದಂತೆ. ದೂರದ ಗೆಲಾಕ್ಸಿಯಲ್ಲಿಯೂ ಸ್ಥಿತಿ ಹೀಗೆಯೇ ಇರುವುದರಿಂದ, ಅಲ್ಲಿನ ಸಾಧಾರಣ ನಕ್ಷತ್ರಗಳನ್ನು ಒಂದೊಂದಾಗಿ ಬಿಡಿಸಿ ಕಾಣಲು ಅಸಾಧ್ಯವಾದಲ್ಲಿಯೂ, ಕ್ಷ-ಕಿರಣ ಯಮಳಗಳನ್ನು ಎಣಿಸಬಹುದು.

ಈ ಎಣಿಕೆಯಿಂದ ಗೆಲಾಕ್ಸಿಯ ವಯಸ್ಸೂ ನಡತೆಯೂ ತಿಳಿಯುತ್ತವೆ. ಯಮಳಗಳಲ್ಲಿ ಎರಡು ಜಾತಿ. ಜೊತೆಗಾರ ನಕ್ಷತ್ರವು ಸೂರ್ಯನ ಹತ್ತು ಇಪ್ಪತ್ತು ಪಟ್ಟು ತೂಗುವುದಾದರೆ ಅದು ಹುಟ್ಟಿದ ಒಂದೆರಡು ಕೋಟಿ ವರ್ಷಗಳಲ್ಲಿಯೇ ಉರಿದು ಮುಗಿಯುತ್ತದೆ. ಆದಕಾರಣ ಅಂತಹ ಯಮಳ ಕಂಡಲ್ಲಿ ನಕ್ಷತ್ರಗಳು ಈಚೆಗೆ ಹುಟ್ಟಿವೆ ಎಂದೇ ಅರ್ಥ. ಜೊತೆಗಾರನು ಸೂರ್ಯನಷ್ಟೋ ಅದಕ್ಕಿಂತ ಚಿಕ್ಕವನೋ ಆದರೆ, ಅನಿಲವನ್ನು ಸೆಳೆಸಿಕೊಳ್ಳುವ ಹಂತ ಬರಲು ನೂರಾರು ಕೋಟಿ ವರ್ಷ ಹಿಡಿಯಬಹುದು. ಹೊಸ ನಕ್ಷತ್ರಗಳಿಲ್ಲದ ಮುದಿ ಗೆಲಾಕ್ಸಿಗಳಲ್ಲಿ ಈ ಎರಡನೆಯ ಜಾತಿಯೇ ಉಳಿದಿರುತ್ತದೆ. ಒಂದು ಕೋಟಿ ಇಪ್ಪತ್ತು ಲಕ್ಷ ಜ್ಯೋತಿರ್ವರ್ಷ ದೂರದ ಎಂ ೮೨ ಎಂಬ ಗೆಲಾಕ್ಸಿಯಲ್ಲಿ ನಕ್ಷತ್ರಗಳು ಭರದಿಂದ ಹುಟ್ಟುತ್ತಿವೆ. ಅಲ್ಲಿ ಮೊದಲ ಜಾತಿಯದೇ ಸಂಭ್ರಮ. ಅಲ್ಲಿನ ಒಂದು ಆಕರವಂತೂ ಎಲ್ಲರನ್ನೂ ತಬ್ಬಿಬ್ಬುಗೊಳಿಸಿತು. ಬೀಳುವ ಅನಿಲವನ್ನು ಹೊರಬೀಳುವ ಕಿರಣವೇ ತಳ್ಳುವುದರಿಂದ, ಒಂದು ವಸ್ತು ಎಷ್ಟು ಬೆಳಗಬಹುದೆಂಬುದಕ್ಕೆ ಎಡಿಂಗ್ಟನ್ನನು ಹಾಕಿಕೊಟ್ಟ ಮಿತಿಯೊಂದುಂಟು. ಈ ಆಕರವು ಅದನ್ನು ಎಷ್ಟೋ ಮೀರಿದುದರಿಂದ ಭಾರಿ ಕೃಷ್ಣವಿವರವಾಗಿರಬೇಕೆಂದು ತಿಳಿದಿದ್ದರು. ೨೦೧೪ರಲ್ಲಿ ನೂಸ್ಟಾರ್ ಉಪಗ್ರಹವು ಅದು ೧.೩೭ ಸೆಕೆಂಡಿಗೊಮ್ಮೆ ಮಿಡಿಯುವುದನ್ನು ಕಂಡಿತು. ಕೃಷ್ಣವಿವರಕ್ಕೆ ನಾಡಿಯಿಲ್ಲ, ಅದು ನ್ಯೂಟ್ರಾನ್ ನಕ್ಷತ್ರವೇ. ಮಿತಿಯನ್ನು ಅದು ಹೇಗೆ ಮೀರಿತು ಎಂಬ ಚರ್ಚೆ ಇನ್ನೂ ನಡೆಯುತ್ತಿದೆ.

ಇನ್ನು ಮಂಜಿನ ವಿಷಯ. ಆಕಾಶಗಂಗೆಯ ನಡುಪಟ್ಟಿಯುದ್ದಕ್ಕೂ ಕ್ಷ-ಕಿರಣಗಳ ಒಂದು ಮಂದ ಬೆಳಗು ಹಬ್ಬಿರುವುದನ್ನು ಉಪಗ್ರಹಗಳು ಬಹುಕಾಲದಿಂದ ಕಂಡಿದ್ದವು. ಅದರ ರೋಹಿತದಲ್ಲಿ ಬಹಳ ಕಾದ ಕಬ್ಬಿಣದ ಪರಮಾಣುಗಳ ಗೆರೆಗಳಿದ್ದವು. ಅದು ಅನಿಲವೇ ಆಗಿದ್ದರೆ ಉಷ್ಣತೆಯು ಐದರಿಂದ ಹತ್ತು ಕೋಟಿ ಡಿಗ್ರಿ ಇರಬೇಕು. ಇಲ್ಲೇ ತೊಡಕು: ಅಷ್ಟು ಕಾದ ಅನಿಲವನ್ನು ಆಕಾಶಗಂಗೆಯ ಗುರುತ್ವವು ಹಿಡಿದಿಡಲಾರದು. ಕುದಿಯುವ ಪಾತ್ರೆಯ ಆವಿಯಂತೆ ಅದು ಹೊರಕ್ಕೆ ಹಾರಿಹೋಗಬೇಕು, ಹೋದಂತೆಲ್ಲ ಮತ್ತೆ ಅದನ್ನು ತು೦ಬುವ ಬೃಹತ್ತಾದ ಕುಲುಮೆಯೊಂದು ಇರಬೇಕು. ಅಂತಹ ಕುಲುಮೆಯನ್ನು ಯಾರೂ ಕಂಡಿರಲಿಲ್ಲ. ೧೯೯೯ರಲ್ಲಿ ಹಾರಿದ, ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರನ್ನು ಹೊತ್ತ ಚಂದ್ರ ವೀಕ್ಷಣಾಲಯವನ್ನು, ಗೆಲಾಕ್ಸಿಯ ಕೇಂದ್ರಕ್ಕೆ ಸಮೀಪದ ಒಂದು ಚಿಕ್ಕ ಚೌಕದ ಕಡೆಗೆ ಸುಮಾರು ಹತ್ತು ಲಕ್ಷ ಸೆಕೆಂಡು, ಎಂದರೆ ಹನ್ನೊಂದು ದಿನಗಳಿಗೂ ಹೆಚ್ಚು ಕಾಲ, ತಿರುಗಿಸಿದರು. ೨೦೦೯ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆ ಮಂಜಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಮೇಲ್ಪಟ್ಟ ಭಾಗವು ಬಿಡಿಬಿಡಿ ಚುಕ್ಕೆಗಳಾಗಿ ಒಡೆಯಿತು. ಜೊತೆಗಾರನಿಂದ ಅನಿಲ ಸೆಳೆಯುವ ಶ್ವೇತಕುಬ್ಜಗಳು, ಪ್ರಬಲವಾದ ಕಿರೀಟವುಳ್ಳ ಸಾಮಾನ್ಯ ನಕ್ಷತ್ರಗಳು, ಇಂತಹ ಬಡದೀಪಗಳೇ ಕೋಟಿಗಟ್ಟಲೆ ಸೇರಿ ಮಂಜಿನ ವೇಷ ತೊಟ್ಟಿದ್ದವು. ಲೆಕ್ಕಕ್ಕೇ ಬಾರವೆಂದು ೧೯೬೨ಕ್ಕೆ ಮುಂಚೆ ತಳ್ಳಿಹಾಕಿದ್ದ ಸಾಧಾರಣ ನಕ್ಷತ್ರಗಳು ಹೀಗೆ ಹಿಂಬಾಗಿಲಿನಿಂದ ಒಳಗೆ ಬಂದವು. ಇಡಿಯ ಆಕಾಶವನ್ನು ತುಂಬಿದ ಇನ್ನೊಂದು ಮಂಜಿಗೂ ಇದೇ ಗತಿಯಾಯಿತು: ಅದರಲ್ಲಿ ಹೆಚ್ಚಿನದು ದೂರದೂರದ ಗೆಲಾಕ್ಸಿಗಳ ಕೇಂದ್ರದಲ್ಲಿ ಅನಿಲವನ್ನು ನುಂಗುತ್ತಿರುವ ಮಹಾ ಕೃಷ್ಣವಿವರಗಳ ಬೆಳಕೆಂದು ಚಂದ್ರ ವೀಕ್ಷಣಾಲಯದ ದೀರ್ಘ ಚಿತ್ರಗಳಿಂದ ತಿಳಿಯಿತು.

ಹಾಗಾದರೆ ನಿಜವಾದ ಮಂಜು ಎಲ್ಲಿಯೂ ಇಲ್ಲವೇ? ಇದೆ. ಸಿಡಿದ ನಕ್ಷತ್ರದ ಚೂರುಗಳು ಸುತ್ತಣ ಅನಿಲಕ್ಕೆ ಅಪ್ಪಳಿಸಿ ಕಾಯುತ್ತವೆ. ಕ್ಯಾಸಿಯೋಪಿಯಾ ಎ ಎಂಬ ಅವಶೇಷ ಅಂತಹುದು. ೧೦೫೪ರಲ್ಲಿ ಚೀಣದವರು ಕಂಡ ಸಿಡಿತದ ಅವಶೇಷವಾದ ವೃಷಭ ರಾಶಿಯ ಏಡಿ ನೀಹಾರಿಕೆಯಲ್ಲಿ ಬಗೆ ಬೇರೆ. ಅಲ್ಲಿ ಬೆಳಕಿನ ವೇಗವನ್ನು ಸಮೀಪಿಸಿದ ಎಲೆಕ್ಟ್ರಾನುಗಳು ಕಾಂತಕ್ಷೇತ್ರದಲ್ಲಿ ಸುತ್ತುತ್ತಾ ಕ್ಷ-ಕಿರಣ ಬೀರುತ್ತವೆ. ಕಾವಿಗೂ ಅದಕ್ಕೂ ಸಂಬಂಧವಿಲ್ಲ. ಎಂ ೮೨ರಲ್ಲಿ ಲೆಕ್ಕವಿಲ್ಲದ ಇಂತಹ ಸಿಡಿತಗಳು ಒಗ್ಗೂಡಿ ಕಾದ ಅನಿಲವನ್ನು ಗೆಲಾಕ್ಸಿಯಿಂದ ಹೊರಕ್ಕೆ ಊದುತ್ತಿವೆ. ದೀರ್ಘವೃತ್ತಾಕಾರದ ದೊಡ್ಡ ಗೆಲಾಕ್ಸಿಗಳಲ್ಲಿ ಅನಿಲವೇ ಇಲ್ಲವೆಂದು ಹಿಂದೆ ಪುಸ್ತಕಗಳಲ್ಲಿ ಬರೆಯುತ್ತಿದ್ದರು. ೧೯೭೮ರಲ್ಲಿ ಹಾರಿದ ಐನ್‌ಸ್ಟೈನ್ ವೀಕ್ಷಣಾಲಯವು ಅವು ಕೋಟಿ ಡಿಗ್ರಿಯ ಸುಮಾರಿನ ಅನಿಲದಲ್ಲಿ ಮುಳುಗಿರುವುದನ್ನು ತೋರಿಸಿತು. ಅಷ್ಟು ಕಾದುದರಿಂದಲೇ ಬೆಳಕಿನ ದೂರದರ್ಶಕಗಳಿಗೆ ಅದು ಕಂಡಿರಲಿಲ್ಲ. ಗೆಲಾಕ್ಸಿಗಳು ಸಾವಿರಗಟ್ಟಲೆ ಸೇರಿದ ಗುಚ್ಛಗಳಲ್ಲಂತೂ ಈ ಅನಿಲದ ದ್ರವ್ಯರಾಶಿ ನಕ್ಷತ್ರಗಳೆಲ್ಲದರ ದ್ರವ್ಯರಾಶಿಯ ಹಲವು ಪಟ್ಟು. ಕನ್ಯಾ ರಾಶಿಯ ಗುಚ್ಛದ ನಡುವೆ, ಐದು ಕೋಟಿಗೂ ಹೆಚ್ಚು ಜ್ಯೋತಿರ್ವರ್ಷ ದೂರದಲ್ಲಿರುವ ಎಂ ೮೭ನ್ನು ಇಂತಹ ಮಂಜು ಸುತ್ತುವರಿದಿದೆ. ಅದರ ಕೇಂದ್ರದ ಕೃಷ್ಣವಿವರವು ಚಿಮ್ಮಿಸುವ ಧಾರೆಗಳು ಆ ಮಂಜನ್ನು ಕಲಕುತ್ತಾ ಆರದಂತೆ ಕಾಯಿಸುತ್ತಿವೆ.

ನಮ್ಮ ಗೆಲಾಕ್ಸಿಯ ಕೇಂದ್ರದಲ್ಲಿಯೂ ಧನು ರಾಶಿಯ ದಿಕ್ಕಿನಲ್ಲಿ ಸೂರ್ಯನ ೪೦ ಲಕ್ಷ ಪಟ್ಟು ತೂಗುವ ಕೃಷ್ಣವಿವರವುಂಟು. ಅದರಿಂದ ಬರುವ ಕ್ಷ-ಕಿರಣ ಮಾತ್ರ ಅತ್ಯಲ್ಪ. ಶಾಂತವಾಗಿದ್ದಾಗ ಅದರ ಶಕ್ತಿ ಒಬ್ಬ ಸೂರ್ಯನ ಬೆಳಕಿನ ಮಟ್ಟದ್ದೇ. ಸ್ಕಾರ್ಪಿಯಸ್ ಎಕ್ಸ್-೧ರ ಎದುರು ಅದು ಮಿಣುಕುಹುಳು. ಆದರೆ ಅದು ಯಾವಾಗಲೂ ಹೀಗಿರಲಿಲ್ಲ. ಅದರ ಸಮೀಪದ ತಣ್ಣನೆಯ ಅನಿಲದ ಮೋಡಗಳು ತಮ್ಮದಲ್ಲದ ಕ್ಷ-ಕಿರಣವನ್ನು ಪ್ರತಿಫಲಿಸುತ್ತಿವೆ. ಬೆಟ್ಟಕ್ಕೆ ತಾಗಿ ತಡವಾಗಿ ಕೇಳುವ ಕದಿನಿಯ ಸದ್ದಿನಂತೆ ಇದು ಬೆಳಕಿನ ಮಾರ್ದನಿ. ಐಎಕ್ಸ್‌ಪಿಇ ಎಂಬ ಉಪಗ್ರಹವು ಆ ಕಿರಣಗಳ ಧ್ರುವೀಕರಣವನ್ನು, ಎಂದರೆ ಅವುಗಳ ಕಂಪನದ ದಿಕ್ಕನ್ನು, ಅಳೆಯಿತು. ೨೦೨೩ರಲ್ಲಿ ಪ್ರಕಟವಾದ ಅದರ ನಿರ್ಣಯದಂತೆ ಮೂಲ ಬೆಳಕು ಬಂದದ್ದು ಕೇಂದ್ರದ ಕೃಷ್ಣವಿವರದ ಕಡೆಯಿಂದಲೇ. ಭೂಮಿಯಿಂದ ಕಂಡ ಲೆಕ್ಕದಲ್ಲಿ ಸುಮಾರು ೨೦೦ ವರ್ಷಗಳ ಹಿಂದೆ ಅದು ಅಲ್ಪಕಾಲ ಪ್ರಬಲವಾಗಿ ಬೆಳಗಿ ಆರಿತ್ತು.

ಕಂಪನದ ದಿಕ್ಕನ್ನು ಅಳೆಯುವ ಈ ವಿದ್ಯೆಯಲ್ಲಿ ಬೆಂಗಳೂರಿಗೂ ಪಾಲುಂಟು. ಆರ್ಯಭಟದ ಕಣ್ಣು ಮುಚ್ಚಿದ ನಾಲ್ವತ್ತು ವರ್ಷಗಳ ತರುವಾಯ, ೨೦೧೫ರ ಸೆಪ್ಟೆಂಬರ್ ೨೮ರಂದು, ಭಾರತವು ಆಸ್ಟ್ರೋಸ್ಯಾಟ್ ಎಂಬ ಪೂರ್ಣಪ್ರಮಾಣದ ವೀಕ್ಷಣಾಲಯವನ್ನೇ ಹಾರಿಸಿತು. ಐದು ವರ್ಷ ಬಾಳಲೆಂದು ಕಟ್ಟಿದ ಅದು ಆ ಅವಧಿಯನ್ನು ದಾಟಿಯೂ ದುಡಿಯಿತು. ೨೦೧೭ರಲ್ಲಿ ಅದರ ಒಂದು ಉಪಕರಣವು ಏಡಿ ನೀಹಾರಿಕೆಯ ಕಠಿನ ಕ್ಷ-ಕಿರಣಗಳ ಧ್ರುವೀಕರಣವನ್ನು ಅಳೆದ ವರದಿ ಹೊರಬಿತ್ತು. ಬಳಿಕ ೨೦೨೪ರ ಜನವರಿ ೧ರಂದು ಇದೇ ಕೆಲಸಕ್ಕೆಂದು ಎಕ್ಸ್‌ಪೋಸ್ಯಾಟ್ ಹಾರಿತು. ಅದರ ಮುಖ್ಯ ಉಪಕರಣವಾದ ಪೋಲಿಕ್ಸ್ ಅನ್ನು ಕಟ್ಟಿದುದು ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆ. ಹಗುರವಾದ ಪರಮಾಣುಗಳ ವಸ್ತುವೊಂದು ನಡುವೆ. ಅದಕ್ಕೆ ತಾಗಿ ಚೆದರುವ ಕ್ಷ-ಕಿರಣಗಳನ್ನು ಹಿಡಿಯಲು ಸುತ್ತ ನಾಲ್ಕು ಎಣಿಕೆಯಂತ್ರಗಳು. ಬಂದ ಕಿರಣವು ಧ್ರುವೀಕೃತವಾಗಿದ್ದರೆ ಎಲ್ಲ ಕಡೆಗೂ ಸಮನಾಗಿ ಚೆದರುವುದಿಲ್ಲ. ಬೆಳಕು ಚೆದರುವ ರೀತಿಯನ್ನು ಕುರಿತು ಕೀರ್ತಿ ಪಡೆದವರ ಹೆಸರಿನ ಸಂಸ್ಥೆಯಿಂದ ಇಂತಹ ಉಪಕರಣ ಬಂದುದು ಉಚಿತವೇ ಆಗಿದೆ. ಅದರ ಜೊತೆಗಿರುವ ಎಕ್ಸ್‌ಸ್ಪೆಕ್ಟ್ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದ್ದು. ಅದು ಮೊದಲು ನೋಡಿದುದು ಕ್ಯಾಸಿಯೋಪಿಯಾ ಎ ಅವಶೇಷವನ್ನು, ೨೦೨೪ರ ಜನವರಿ ೫ರಂದು.

ಆಸ್ಟ್ರೋಸ್ಯಾಟ್ ಕಳುಹಿಸಿದ ಅಂಕಿಗಳು ಬೆಂಗಳೂರಿನ ಬಳಿಯ ಬ್ಯಾಲಾಳು ಗ್ರಾಮದ ದತ್ತಾಂಶ ಕೇಂದ್ರದಲ್ಲಿ ಸಂಗ್ರಹವಾಗಿವೆ. ವೀಕ್ಷಣೆ ಮಾಡಿಸಿದವರಿಗೆ ಮೀಸಲಾದ ಅವಧಿ ಮುಗಿದಮೇಲೆ ಅವನ್ನು ಎಲ್ಲರಿಗೂ ತೆರೆದಿಡುತ್ತಾರೆ. ಕಂಪ್ಯೂಟರೂ ತಾಳ್ಮೆಯೂ ಇರುವ ಕಾಲೇಜು ವಿದ್ಯಾರ್ಥಿಯು ಮೂಡಬಿದಿರೆಯಲ್ಲಿ ಕುಳಿತೇ ಅವನ್ನು ತರಿಸಿಕೊಳ್ಳಬಹುದು. ಗರುಡ ರಾಶಿಯಲ್ಲಿರುವ ಜಿಆರ್‌ಎಸ್ ೧೯೧೫+೧೦೫ ಎಂಬ ಕೃಷ್ಣವಿವರದಿಂದ ಆರಂಭಿಸುವುದು ಲೇಸೆಂದು ನಮಗೆ ತೋರುತ್ತದೆ. ೧೯೯೬ರಲ್ಲಿ ಹಾರಿದ ಐಆರ್‌ಎಸ್-ಪಿ೩ ಉಪಗ್ರಹದ ಭಾರತೀಯ ಉಪಕರಣವು ಅದರ ಕ್ಷ-ಕಿರಣವು ನಿಧಾನವಾಗಿ ಏರಿ ಥಟ್ಟನೆ ಇಳಿಯುವುದನ್ನು, ಮತ್ತೆ ಏರಿ ಮತ್ತೆ ಇಳಿಯುವುದನ್ನು ದಾಖಲಿಸಿತ್ತು. ತಟ್ಟೆಯ ಒಳಅಂಚಿನ ಅನಿಲವು ಗುಂಪಾಗಿ ಒಮ್ಮೆಗೇ ಕೃಷ್ಣವಿವರದೊಳಕ್ಕೆ ಜಾರಿ ಕಾಣೆಯಾಗುವುದೇ ಆ ಥಟ್ಟನೆಯ ಇಳಿತಕ್ಕೆ ಕಾರಣವೆಂದು ಅದನ್ನು ಕಂಡವರು ವಾದಿಸಿದರು.